ಕರೆದ ಹಾಲು ಎಷ್ಟು ಹೊತ್ತು ಕೆಡದೆ ಉಳಿದೀತು?

ಕೊಳೆರೋಗ, ಕಾಫಿಯ ಕಾಯಿಕೊರಕ, ಗೊಬ್ಬರದ ಲೆಕ್ಕ ಇವುಗಳ ನಡುವೆ ಹಾಲಿನ ವಿಚಾರಕ್ಕೆ ನಮ್ಮ ಪತ್ರಿಕೆಯಲ್ಲಿ ಏನು ಕೆಲಸವೆಂದು ಸದಸ್ಯ ಬಾಂಧವರು ಕೇಳಬಹುದು. ಉತ್ತರ ನಮ್ಮ ಹಟ್ಟಿಯಲ್ಲಿಯೇ ಇದೆ. ಪುತ್ತೂರು, ಸುಳ್ಯ, ಕಡಬದ ಕಡೆಯ ಸಣ್ಣ ಹಿಡುವಳಿದಾರರಾದ ನಾವು ದನ ಸಾಕುವುದರಲ್ಲಿ ಅರ್ಧ ಉದ್ದೇಶ ತೋಟಕ್ಕೆ ಗೊಬ್ಬರ. ಆದರೆ ಆ ದನದ ಹಿಂಡಿಯ ಖರ್ಚನ್ನು ಹೊರುವುದು ಹಾಲು. ಸೊಸೈಟಿಗೆ ಕೊಂಡೊಯ್ದ ಹಾಲು ಹುಳಿಯೆಂದು ಮನೆಗೆ ಮರಳಿದ ದಿನ ಹಿಂಡಿಯ ಹಣ ಕೈಯಿಂದ ಹೋಯಿತು. ನಾಲ್ಕಾರು ಸಲ ಹೀಗಾದರೆ ದನ ಯಾಕೆ ಬೇಕೆಂಬ ಮಾತು ಮನೆಯಲ್ಲಿ ಏಳುತ್ತದೆ. ದನ ಹೋದರೆ ಹಟ್ಟಿಗೊಬ್ಬರವೂ ಹೋಯಿತು. ಆದುದರಿಂದ ಹಾಲು ಕೆಡದಂತೆ ನೋಡಿಕೊಳ್ಳುವುದೂ ತೋಟದ ಕೆಲಸವೇ ಎಂದು ತಿಳಿಯತಕ್ಕದ್ದು.

ಹಾಲು ಹುಳಿಯಾಗುವುದು ಯಾಕೆ?

ದನದ ಹಾಲಿನಲ್ಲಿ ನೂರಕ್ಕೆ ನಾಲ್ಕೂವರೆಯಿಂದ ಐದು ಪಾಲು ಹಾಲಿನ ಸಕ್ಕರೆ ಇರುತ್ತದೆ. ಕಣ್ಣಿಗೆ ಕಾಣದ ಕೆಲವು ಜೀವಾಣುಗಳು ಈ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಹಾಲಿನ ಹುಳಿ ಎಂದರೆ ಅದೇ. ಈ ಹುಳಿಯಾಗುವಿಕೆ ಜೀವಿಗಳ ಕೆಲಸವೆಂದು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ 1857ರಲ್ಲಿ ತೋರಿಸಿಕೊಟ್ಟರು. ಇಂದು ಡೈರಿಗಳಲ್ಲಿ ಹಾಲನ್ನು 72 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ 15 ಸೆಕೆಂಡು ಹಿಡಿದು ಕೂಡಲೇ ತಂಪು ಮಾಡುವ ಕ್ರಮಕ್ಕೆ ಅವರ ಹೆಸರೇ ನಿಂತಿದೆ.

ಆರೋಗ್ಯವಂತ ದನದ ಕೆಚ್ಚಲಿನಿಂದ ಬರುವ ಹಾಲಿನಲ್ಲಿ ಈ ಜೀವಾಣುಗಳು ಬಹಳ ಕಡಿಮೆ. ಉಳಿದವು ಸೇರುವುದು ಹೊರಗಿನಿಂದ: ಕೆಚ್ಚಲಿಗೆ ಅಂಟಿದ ಸೆಗಣಿ, ಕರೆಯುವವರ ಕೈ, ಬೈಹುಲ್ಲಿನ ಧೂಳು, ಎಲ್ಲಕ್ಕಿಂತ ಮುಖ್ಯವಾಗಿ ಪಾತ್ರೆ. ಕರೆದ ಹಾಲಿನ ಬಿಸಿ ಸುಮಾರು 37 ಡಿಗ್ರಿ. ಅಂಥ ಬೆಚ್ಚಗಿನ ಹಾಲು ಅವುಗಳ ವೃದ್ಧಿಗೆ ಹೇಳಿ ಮಾಡಿಸಿದ ಜಾಗ.

ಒಂದು ಸಣ್ಣ ಲೆಕ್ಕ

ಜೀವಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದು ಇಟ್ಟುಕೊಳ್ಳೋಣ. ಶುಚಿಯಾಗಿ ಕರೆದ ಹಾಲಿನ ಒಂದು ಮಿಲಿಲೀಟರಿನಲ್ಲಿ ಒಂದು ಸಾವಿರ ಇದ್ದರೆ, ಆರು ಗಂಟೆಯಲ್ಲಿ ಹನ್ನೆರಡು ಸಲ ಇಮ್ಮಡಿಸಿ ಅವು ಸುಮಾರು 40 ಲಕ್ಷವಾಗುತ್ತವೆ. ಸರಿಯಾಗಿ ತೊಳೆಯದ ಕ್ಯಾನಿಗೆ ಬಿದ್ದ ಹಾಲು ಒಂದು ಲಕ್ಷದಿಂದಲೇ ಆರಂಭಿಸಿದರೆ, ಅದೇ 40 ಲಕ್ಷಕ್ಕೆ ಮೂರು ಗಂಟೆಯೂ ಬೇಡ. ದನ ಒಂದೇ, ಹಾಲು ಒಂದೇ, ಸೆಕೆಯೂ ಒಂದೇ. ಪಾತ್ರೆಯ ವ್ಯತ್ಯಾಸದಿಂದ ಮಾತ್ರ ಮೂರು ಗಂಟೆಗೂ ಹೆಚ್ಚು ಆಯುಷ್ಯ ಕಳೆದುಹೋಯಿತು.

ಹಾಲು ಎಷ್ಟು ಹೊತ್ತು ಉಳಿದೀತು ಎಂಬ ಪ್ರಶ್ನೆಗೆ ಗಡಿಯಾರ ನೋಡಿ ಉತ್ತರ ಹೇಳಲು ಬರುವುದಿಲ್ಲ. ಹಾಲು ಎಷ್ಟು ಶುಚಿಯಾಗಿ ಹೊರಟಿತು, ಎಷ್ಟು ಬೇಗ ತಂಪಾಯಿತು ಎಂಬ ಎರಡು ಸಂಗತಿಗಳೇ ಅದನ್ನು ನಿರ್ಧರಿಸುತ್ತವೆ.

ಅಂದಾಜು ಅವಧಿ

ಆದರೂ ಮನೆಯ ಉಪಯೋಗಕ್ಕೆ ಒಂದು ಅಂದಾಜು ಬೇಕು. ಶುಚಿಯಾಗಿ ಕರೆದ ಹಸಿ ಹಾಲನ್ನು ಎಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಹಾಗೆಯೇ ಇಟ್ಟರೆ ನಾಲ್ಕು ಗಂಟೆಯ ಮೇಲೆ ನಂಬುವಂತಿಲ್ಲ. ಮನೆಖರ್ಚಿನ ಹಾಲನ್ನು ಎರಡು ಗಂಟೆಯೊಳಗೆ ಕುದಿಸುವುದೇ ಕ್ಷೇಮ. ಕುದಿಸಿದ ಹಾಲು ಹೊರಗಿದ್ದರೆ ಐದಾರು ಗಂಟೆಗೊಮ್ಮೆ ಮತ್ತೆ ಕುದಿಸಬೇಕು. ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗೆ ಇಟ್ಟರೆ ಹಸಿ ಹಾಲು ಒಂದು ದಿನ, ಕುದಿಸಿ ತಣಿಸಿದ ಹಾಲು ಎರಡು ಮೂರು ದಿನ ನಿಲ್ಲುತ್ತದೆ. ಪ್ಯಾಕೆಟಿನ ಹಾಲಿಗೆ ಅದರ ಮೇಲೆ ಮುದ್ರಿಸಿದ ದಿನಾಂಕವೇ ಪ್ರಮಾಣ. ಆ ದಿನಾಂಕವೂ ತಂಪಿನಲ್ಲಿಟ್ಟ ಪ್ಯಾಕೆಟಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು.

ಹಟ್ಟಿಯಲ್ಲಿ

ಕರೆಯುವ ಮೊದಲು ಕೆಚ್ಚಲನ್ನು ತೊಳೆದು ಒಣ ಬಟ್ಟೆಯಿಂದ ಒರಸಬೇಕು. ಒದ್ದೆ ಕೆಚ್ಚಲಿನಿಂದ ಇಳಿಯುವ ಹನಿಯೇ ಹಾಲಿಗೆ ಕೊಳೆಯನ್ನು ಒಯ್ಯುತ್ತದೆ. ಪ್ರತಿ ಮೊಲೆಯ ಮೊದಲ ಎರಡು ಮೂರು ಹಿಂಡು ಹಾಲನ್ನು ಬೇರೆ ಲೋಟಕ್ಕೆ ಕರೆದು ನೋಡಬೇಕು. ಅದರಲ್ಲಿ ಗರಣೆ, ನೀರುತನ ಅಥವಾ ರಕ್ತದ ಎಳೆ ಕಂಡರೆ ಕೆಚ್ಚಲು ಬಾವಿನ ಸಂಶಯ. ಆ ಹಾಲನ್ನು ಉಳಿದುದಕ್ಕೆ ಸೇರಿಸಬಾರದು. ದನಕ್ಕೆ ಮದ್ದು ಚುಚ್ಚಿದ್ದರೆ ಪಶುವೈದ್ಯರು ಹೇಳಿದಷ್ಟು ದಿನ ಹಾಲನ್ನು ಸೊಸೈಟಿಗೂ ಕೊಡಬಾರದು, ಮಕ್ಕಳಿಗೂ ಕೊಡಬಾರದು. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗುವುದಿಲ್ಲ. ಹೆಪ್ಪಿನ ಜೀವಾಣುಗಳನ್ನು ಮದ್ದು ಕೊಲ್ಲುತ್ತದೆ.

ಕರೆಯುವ ಹೊತ್ತಿಗೆ ಹಟ್ಟಿ ಗುಡಿಸುವುದು, ಬೈಹುಲ್ಲು ಕೊಡಹುವುದು ಬೇಡ. ಧೂಳು ಹಾಲಿಗೆ ಇಳಿಯುತ್ತದೆ.

ಪಾತ್ರೆ

ಹಾಲಿನ ಪಾತ್ರೆಯನ್ನು ಮೊದಲೇ ಬಿಸಿನೀರಿನಿಂದ ತೊಳೆಯಬಾರದು. ಬಿಸಿಗೆ ಹಾಲಿನ ಪದರ ಬೆಂದು ಪಾತ್ರೆಗೆ ಅಂಟುತ್ತದೆ. ಮೊದಲು ತಣ್ಣೀರು, ಆಮೇಲೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ತಿಕ್ಕುವುದು, ಬಳಿಕ ಶುದ್ಧ ನೀರು, ಕೊನೆಗೆ ಕುದಿಯುವ ನೀರು. ತೊಳೆದ ಪಾತ್ರೆಯನ್ನು ಬಟ್ಟೆಯಿಂದ ಒರಸದೆ ಕವುಚಿ ಬಿಸಿಲಿಗೆ ಇಡಬೇಕು. ಮಳೆಗಾಲದಲ್ಲಿ ಬಿಸಿಲಿಲ್ಲದಾಗ ಒಲೆಯ ಬಳಿ ಒಣಗಿಸಬಹುದು. ಕ್ಯಾನಿನ ಕಂಠದ ಒಳಬದಿ ಮತ್ತು ಮುಚ್ಚಳದ ಸಂದು ಇವೆರಡನ್ನು ಕೈಯಿಂದ ಮುಟ್ಟಿ ನೋಡಿರಿ. ಜಾರಿದರೆ ತೊಳೆದದ್ದು ಸಾಲದು. ಗೀರು ಬಿದ್ದ ಪ್ಲಾಸ್ಟಿಕ್ ಡಬ್ಬಗಳು ಎಷ್ಟು ತಿಕ್ಕಿದರೂ ಶುಚಿಯಾಗವು.

ತೋಟಗಾರರಿಗೆ ಇನ್ನೊಂದು ವಿಶೇಷ ಸೂಚನೆ. ಬೋರ್ಡೋ ಮಿಶ್ರಣಕ್ಕೆ ಬಳಸಿದ ಬಾಲ್ದಿ, ಡಬ್ಬಗಳನ್ನು ಹಾಲಿನ ಕೆಲಸಕ್ಕೆ ಎಂದೂ ತೆಗೆದುಕೊಳ್ಳಬಾರದು. ಮೈಲುತುತ್ತು ವಿಷವೆಂಬುದು ಒಂದು ಮಾತು. ಅದರಲ್ಲಿರುವ ತಾಮ್ರದ ಅಂಶ ಎಷ್ಟು ಸ್ವಲ್ಪವಿದ್ದರೂ ಹಾಲಿನ ಜಿಡ್ಡನ್ನು ಕೆಡಿಸಿ ಕಮಟು ರುಚಿ ತರುತ್ತದೆಂಬುದು ಇನ್ನೊಂದು. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಗಳೂ ಇದೇ ಕಾರಣಕ್ಕೆ ಸಲ್ಲವು. ಮದ್ದು ಬಿಟ್ಟ ದಿನ ಕೈಗಳನ್ನು ಸೋಪು ಹಾಕಿ ತೊಳೆದೇ ಹಟ್ಟಿಗೆ ಹೋಗತಕ್ಕದ್ದು.

ತಂಪು

ಸೊಸೈಟಿಗಳಿಂದ ಸಂಗ್ರಹವಾದ ಹಾಲನ್ನು ಶೀತಲ ಘಟಕಗಳಲ್ಲಿ 4 ಡಿಗ್ರಿಗೆ ಇಳಿಸುತ್ತಾರೆ. ನಮ್ಮ ಕೈಯಿಂದ ಅಲ್ಲಿಗೆ ತಲಪುವವರೆಗಿನ ಹೊಣೆ ನಮ್ಮದು. ಬಾವಿಯ ಅಥವಾ ಸುರಂಗದ ನೀರು ತುಂಬಿದ ತೊಟ್ಟಿಯಲ್ಲಿ ಕ್ಯಾನನ್ನು ಕಂಠದವರೆಗೆ ಇಳಿಸಿ, ಆಗಾಗ ಹಾಲನ್ನು ಶುಚಿಯಾದ ಸೌಟಿನಿಂದ ಕಲಕಿದರೆ ಹಾಲಿನ ಬಿಸಿ ಬೇಗನೆ ನೀರಿನ ಹತ್ತಿರಕ್ಕೆ ಇಳಿಯುತ್ತದೆ. ಹತ್ತು ಡಿಗ್ರಿ ಇಳಿದರೂ ಜೀವಾಣುಗಳ ವೇಗ ಸಾಕಷ್ಟು ತಗ್ಗುತ್ತದೆ.

ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಲ್ಲಿಡುವ ಉಪಾಯ ಬೇಸಗೆಯ ಒಣ ಗಾಳಿಗೆ ಮಾತ್ರ ಹೊಂದುತ್ತದೆ. ನೀರು ಆರಿದರಷ್ಟೇ ತಂಪು. ಜೂನ್, ಜುಲೈಯಲ್ಲಿ ನಮ್ಮಲ್ಲಿ ಬಟ್ಟೆಯೇ ಆರುವುದಿಲ್ಲವಾದ್ದರಿಂದ ಆಗ ನೀರಿನ ತೊಟ್ಟಿಯೇ ಗತಿ.

ಸಂಜೆಯ ಹಾಲನ್ನು ಬೆಳಗಿನ ಹಾಲಿಗೆ ಬೆರೆಸಬಾರದು. ತಂಪಾಗಿ ನಿದ್ದೆಯಲ್ಲಿದ್ದ ಜೀವಾಣುಗಳನ್ನು ಬಿಸಿ ಹಾಲು ಎಬ್ಬಿಸಿದಂತೆ ಆಗುತ್ತದೆ. ನಮ್ಮೊಬ್ಬರ ಹುಳಿ ಹಾಲು ಸೊಸೈಟಿಯ ದೊಡ್ಡ ಕ್ಯಾನಿಗೆ ಬಿದ್ದರೆ ಹತ್ತು ಮನೆಯ ಹಾಲು ಕೆಟ್ಟಂತೆಯೇ. ಸಹಕಾರ ಎಂಬ ಮಾತಿನ ಅರ್ಥ ಅಲ್ಲಿಯೂ ಇದೆ.

ಕುದಿಸಿದ ಹಾಲು

ಕುದಿಸಿದರೆ ಹುಳಿ ಮಾಡುವ ಜೀವಾಣುಗಳೂ ಕ್ಷಯ, ಬ್ರೂಸೆಲ್ಲಾ ಮುಂತಾದ ರೋಗಾಣುಗಳೂ ಸಾಯುತ್ತವೆ. ಹಸಿ ಹಾಲು ಕುಡಿಯಬಾರದೆಂಬುದು ಇದಕ್ಕಾಗಿ. ಆದರೆ ಕೆಲವು ಜೀವಾಣುಗಳ ಬೀಜಗಳು ಕುದಿತವನ್ನೂ ತಾಳಿಕೊಂಡು, ಹಾಲು ಉಗುರುಬೆಚ್ಚಗಾದಾಗ ಮೊಳೆಯುತ್ತವೆ. ಬಹಳ ಹೊತ್ತು ಇಟ್ಟ ಕುದಿಸಿದ ಹಾಲು ಹುಳಿಯಾಗದೆ ಕಹಿಯಾಗುವುದು ಇದರಿಂದ. ಕಹಿ ಅಥವಾ ಕೆಟ್ಟ ವಾಸನೆ ಬಂದ ಹಾಲನ್ನು ಮತ್ತೆ ಕುದಿಸಿ ಉಪಯೋಗಿಸುವುದು ಸಲ್ಲದು. ಗೊಬ್ಬರದ ಗುಂಡಿಗೆ ಹಾಕಿರಿ.

ಕುದಿಸಿದ ಪಾತ್ರೆಯನ್ನು ಒಲೆಯ ಮೇಲೆಯೇ ಬಿಡದೆ ತಣ್ಣೀರಿನ ಪರಾತಿನಲ್ಲಿಟ್ಟು, ನೀರನ್ನು ಎರಡು ಸಲ ಬದಲಿಸಿ ಬೇಗ ತಣಿಸಿರಿ. ಫ್ರಿಜ್ಜಿನಲ್ಲಿ ಹಾಲಿಗೆ ಬಾಗಿಲಿನ ಜಾಗ ಒಳ್ಳೆಯದಲ್ಲ, ಅಲ್ಲಿ ತಂಪು ಕಡಿಮೆ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಗಾಳಿಮಳೆಗೆ ಅದಕ್ಕೂ ಹೆಚ್ಚು ಹೊತ್ತು ಬಾರದಿದ್ದರೆ ಹಾಲನ್ನು ಹೊರತೆಗೆದು ಪರೀಕ್ಷಿಸಿ ಕುದಿಸಿಬಿಡಬೇಕು.

ಮನೆಯಲ್ಲೇ ಪರೀಕ್ಷೆ

ಒಳ್ಳೆಯ ಹಸಿ ಹಾಲಿನಲ್ಲಿ ಹುಳಿಯ ಪ್ರಮಾಣ ನೂರಕ್ಕೆ ಸುಮಾರು 0.13ರಿಂದ 0.15. ಅದು 0.2 ದಾಟಿ ಮೇಲೇರಿದರೆ ಕುದಿಸುವಾಗ ಹಾಲು ಒಡೆಯತೊಡಗುತ್ತದೆ. ನಾಲಿಗೆಗೆ ಹುಳಿ ಗೊತ್ತಾಗುವುದು ಸುಮಾರು 0.3ರ ಹೊತ್ತಿಗೆ. ಅಂದರೆ ನಾಲಿಗೆಗಿಂತ ಮೊದಲೇ ಒಲೆಗೆ ತಿಳಿಯುತ್ತದೆ. ಆದುದರಿಂದ ಸಂಶಯ ಬಂದ ಹಾಲನ್ನು ಇಡೀ ಪಾತ್ರೆಯಲ್ಲಿ ಕಾಯಿಸದೆ, ಎರಡು ಚಮಚ ತೆಗೆದು ಸಣ್ಣ ಸೌಟಿನಲ್ಲಿ ಕುದಿಸಿ ನೋಡಿರಿ. ಗರಣೆ ಕಟ್ಟಿದರೆ ಆ ಹಾಲು ಸೊಸೈಟಿಗೆ ಸಲ್ಲದು. ಕರು ಹಾಕಿದ ಹೊಸತರ ಗಿಣ್ಣು ಹಾಲು ಹುಳಿಯಾಗದಿದ್ದರೂ ಒಡೆಯುತ್ತದೆ. ಅದು ಕರುವಿನ ಪಾಲು.

ಮನೆಯ ಹಾಲು ಕುದಿಯಲ್ಲಿ ಉಳಿದು ಕಾಫಿಗೆ ಹಾಕಿದಾಗ ಮಾತ್ರ ಒಡೆದರೆ ಕಾಫಿಪುಡಿಯನ್ನು ದೂರಬೇಡಿರಿ. ಕಾಫಿಯಲ್ಲಿ ಸ್ವಾಭಾವಿಕವಾಗಿ ಆಮ್ಲವಿದೆ, ಬೆಲ್ಲ ಹಾಕಿದರೆ ಇನ್ನಷ್ಟು. ಅಂಚಿನಲ್ಲಿದ್ದ ಹಾಲನ್ನು ಅದು ಆಚೆಗೆ ತಳ್ಳಿತು ಅಷ್ಟೆ.

ಹುಳಿಯನ್ನು ಅಡಗಿಸಲು ಹಾಲಿಗೆ ಸೋಡಾ ಹಾಕುವ ಕೆಲಸಕ್ಕೆ ಯಾರೂ ಕೈಹಾಕಬಾರದು. ಜೀವಾಣುಗಳು ಅದರಿಂದ ಸಾಯುವುದಿಲ್ಲ, ಹುಳಿ ಮಾತ್ರ ಮರೆಯಾಗುತ್ತದೆ. ಕಾನೂನಿನ ಪ್ರಕಾರ ಅದು ಕಲಬೆರಕೆ. ಆ ಹಾಲು ಯಾವುದೋ ಮನೆಯ ಹಸುಗೂಸಿನ ಹೊಟ್ಟೆಗೂ ಹೋಗಬಹುದು.

ಇಲ್ಲಿ ಹೇಳಿದ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಒಂದು ಒಣ ಬಟ್ಟೆ, ಒಂದು ಹಂಡೆ ಬಿಸಿನೀರು, ಒಂದು ತೊಟ್ಟಿ ತಣ್ಣೀರು, ಕರೆದ ಕೂಡಲೇ ಹೊರಡುವ ಅಭ್ಯಾಸ, ಇಷ್ಟೇ. ನಾಳೆ ಬೆಳಿಗ್ಗೆ ಹಾಲು ಕರೆಯುವ ಮೊದಲು ಕ್ಯಾನಿನ ಕಂಠದೊಳಗೆ ಬೆರಳಾಡಿಸಿ ನೋಡಿರಿ. ಅಲ್ಲಿಂದಲೇ ಆರಂಭಿಸಬಹುದು.