ಮೈದಾನದ ಫೀಸು, ಮೈದಾನದ ಬಣ್ಣ

ಹಾಸ್ಟೆಲ್ ಹಿಂದಿನ ಪಾಲಿಕೆ ಮೈದಾನಕ್ಕೆ ಕಳೆದ ಸೆಮಿಸ್ಟರ್‌ನಲ್ಲಿ ಒಂದು ಬೋರ್ಡು ಬಂತು. ಗಂಟೆಗೆ 300 ರೂಪಾಯಿ, ಫ್ಲಡ್‌ಲೈಟ್ ಬೇಕಿದ್ರೆ ಇನ್ನೂ 200. ಅಲ್ಲಿವರೆಗೆ ನಾವು ಬ್ಯಾಟು ಹಿಡ್ಕೊಂಡು ಸೀದಾ ಒಳಗೆ ಹೋಗ್ತಿದ್ವಿ, ಯಾರೂ ಕೇಳ್ತಿರಲಿಲ್ಲ. ಆ ರಾತ್ರಿ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದೊಡ್ಡ ಜಗಳ. "ಟ್ಯಾಕ್ಸ್ ಕಟ್ತೀವಲ್ಲ, ಮತ್ತೆ ಫೀಸು ಯಾಕೆ?" ಅಂತ ಒಬ್ಬ. "ನೀನು ಯಾವಾಗ್ಲೋ ಟ್ಯಾಕ್ಸ್ ಕಟ್ಟಿದ್ದು?" ಅಂತ ಇನ್ನೊಬ್ಬ.

ಎರಡು ವಾರ ಹೀಗೇ ಹೋಯ್ತು. ಆಮೇಲೆ ಸಿವಿಲ್ ಬ್ರಾಂಚಿನ ಸೀನಿಯರ್ ಅಕ್ಕ ಒಬ್ಬರು ಒಂದು ಪೇಪರ್ ಕಟಿಂಗ್ ತಂದು ನಮ್ಮ ಮುಂದೆ ಇಟ್ಟರು. ಬೆರಳಗಲದ ಪ್ರಕಟಣೆ, ಅಕ್ಷರ ಇರುವೆ ಸಾಲಿನ ಹಾಗೆ. ಅದೇ ಮೈದಾನದ ಅಂಚಿನ 20 ಗುಂಟೆ ಜಾಗವನ್ನು 'ಉದ್ಯಾನ ಮತ್ತು ತೆರೆದ ಜಾಗ'ದಿಂದ 'ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ' ಬಳಕೆಗೆ ಬದಲಾಯಿಸುವ ಪ್ರಸ್ತಾವ ಇದೆ, ಆಕ್ಷೇಪಣೆ ಇದ್ದರೆ 15 ದಿನದೊಳಗೆ ಸಲ್ಲಿಸಿ ಅಂತ. ಅಷ್ಟರಲ್ಲಿ 11 ದಿನ ಕಳೆದಿತ್ತು.

ಉಳಿದ ನಾಲ್ಕು ದಿನದಲ್ಲಿ ನಾವು ಓದಿ, ಕೇಳಿ ತಿಳ್ಕೊಂಡದ್ದನ್ನು ಇಲ್ಲಿ ಬರೀತಿದ್ದೀವಿ. ನಾವು ಲಾ ಓದುವವರಲ್ಲ. 'ಅಧಿಸೂಚನೆ' ಅನ್ನೋ ಪದವನ್ನು ತಪ್ಪಿಲ್ಲದೆ ಬರೆಯಲು ಕಲಿತದ್ದೂ ಇದೇ ನೆಪದಲ್ಲಿ.

ಮೊದಲು ಫೀಸಿನ ವಿಷಯ. ಟ್ಯಾಕ್ಸಿಗೂ ಫೀಸಿಗೂ ಏನು ವ್ಯತ್ಯಾಸ ಅನ್ನೋದಕ್ಕೆ ಇಡೀ ದೇಶದಲ್ಲಿ ಈಗಲೂ ಹೆಸರು ಹೇಳುವ ತೀರ್ಪು ಉಡುಪಿಯ ಶಿರೂರು ಮಠದ ಕೇಸಿನಲ್ಲಿ ಬಂದದ್ದು ಅಂತ ಗೊತ್ತಾದಾಗ ನಮಗೆ ಖುಷಿಯಾಯ್ತು. ವರ್ಷ 1954. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. 1951ರ ಮದ್ರಾಸ್ ಧಾರ್ಮಿಕ ದತ್ತಿ ಕಾಯ್ದೆ ಪ್ರಕಾರ ಮಠ, ದೇವಸ್ಥಾನಗಳು ತಮ್ಮ ಆದಾಯದಲ್ಲಿ ಶೇ. 5ರವರೆಗೆ ಸರ್ಕಾರಕ್ಕೆ ವಂತಿಗೆ ಕೊಡಬೇಕಿತ್ತು. ಸರ್ಕಾರ ಅದನ್ನು ಫೀಸು ಅಂದಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತೆರಿಗೆ ಅಂದ್ರೆ ಎಲ್ಲರ ಕೆಲಸಕ್ಕೆ ಕಡ್ಡಾಯವಾಗಿ ಎತ್ತುವ ಹಣ, ಕೊಟ್ಟವನಿಗೆ ಅದರಿಂದ ನೇರವಾಗಿ ಏನು ಸಿಗುತ್ತೆ ಅಂತ ಕೇಳುವ ಹಾಗಿಲ್ಲ. ಫೀಸು ಅಂದ್ರೆ ಕೊಟ್ಟವನಿಗೆ ಮಾಡಿದ ಒಂದು ನಿರ್ದಿಷ್ಟ ಸೇವೆಗೆ ಪ್ರತಿಯಾಗಿ ಪಡೆಯುವ ಹಣ. ಆ ವಂತಿಗೆ ಸರ್ಕಾರದ ಸಾಮಾನ್ಯ ಖಜಾನೆಗೇ ಸೇರ್ತಿತ್ತು, ಸೇವೆಯ ಖರ್ಚಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಹಾಗಾಗಿ ಅದು ತೆರಿಗೆಯೇ, ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಅಂತ ಆ ಕಲಮನ್ನು ಹೊಡೆದು ಹಾಕಿತು. ಮುಂದಿನ ತೀರ್ಪುಗಳು ಇದನ್ನು ಸ್ವಲ್ಪ ಸಡಿಲ ಮಾಡಿವೆ. ಪೈಸೆಗೆ ಪೈಸೆ ಲೆಕ್ಕ ಬೇಕಿಲ್ಲ, ಒಟ್ಟಾರೆ ಹೊಂದಾಣಿಕೆ ಇದ್ರೆ ಸಾಕು.

ಹಾಗಾದ್ರೆ ನಮ್ಮ 300 ರೂಪಾಯಿ ಎಲ್ಲಿಗೆ ಹೋಗುತ್ತೆ? ವಾಚ್‌ಮನ್ ಸಂಬಳ, ಲೈಟು ಬಿಲ್ಲು, ನೀರು, ಹುಲ್ಲು ಕತ್ತರಿಸೋದು? ಕೇಳಬೇಕಾದ ಪ್ರಶ್ನೆ ಇದು, "ಫೀಸು ಯಾಕೆ?" ಅನ್ನೋದಲ್ಲ. (ಪಾಲಿಕೆ ಇದನ್ನು ಬಾಡಿಗೆ ಅಂತ ಕರೆದ್ರೆ ವಾದ ಬೇರೆ ದಾರಿ ಹಿಡಿಯುತ್ತೆ. ಆದರೆ ಲೆಕ್ಕ ಕೇಳೋಕೆ ಅದೇನೂ ಅಡ್ಡಿಯಲ್ಲ.) ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಮ್ಮ ಮೊದಲ ಡ್ರಾಫ್ಟು 400 ಪದ ಇತ್ತು, ಅದರಲ್ಲಿ ಅರ್ಧ ಬೈಗುಳ.

ಇಂಥ ದರಗಳು ಸಾಮಾನ್ಯವಾಗಿ ಸ್ಥಾಯಿ ಸಮಿತಿ ದಾಟಿ ಪಾಲಿಕೆಯ ಸಾಮಾನ್ಯ ಸಭೆಗೆ ಬರ್ತವೆ. ನಮ್ಮ ವಾರ್ಡಿನ ಸದಸ್ಯರು ಅಲ್ಲಿ ಕೂತಿರ್ತಾರೆ, ಅವರನ್ನು ಹಿಡಿದು ಕೇಳಬಹುದು. ಈ ತಿಂಗಳ ನಿರ್ಣಯವನ್ನು ಮುಂದೊಂದು ಸಭೆಯಲ್ಲಿ ಬದಲಾಯಿಸಲೂಬಹುದು. ಆದರೆ ಸದಸ್ಯರು ಇದ್ದರೆ ಮಾತ್ರ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಎಲ್ಲ ನೋಡ್ಕೊಂಡದ್ದು.

ಈಗ ಬಣ್ಣದ ವಿಷಯ. ಪ್ರತಿ ನಗರಕ್ಕೂ ಒಂದು ಮಾಸ್ಟರ್ ಪ್ಲಾನ್ ಇರುತ್ತೆ, ಅದರ ನಕ್ಷೆಯಲ್ಲಿ ಪ್ರತಿ ಜಾಗಕ್ಕೂ ಒಂದು ಬಣ್ಣ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಆಫೀಸು-ಆಸ್ಪತ್ರೆ-ಶಾಲೆಗಳಿಗೆ ಕೆಂಪು, ಪಾರ್ಕು-ಮೈದಾನಕ್ಕೆ ಹಸಿರು. ನಮ್ಮ 20 ಗುಂಟೆ ಹಸಿರಿನಿಂದ ಕೆಂಪಿಗೆ ಹೋಗುತ್ತೆ ಅನ್ನೋದೇ ಆ ಪ್ರಕಟಣೆಯ ಅರ್ಥ. ಊರ ಕಡೆ ಡಿಸಿ ಕನ್ವರ್ಷನ್ ಅಂತಾರಲ್ಲ, ಅದು ಬೇರೆ. ಅದು ಕೃಷಿ ಜಮೀನನ್ನು ಕೃಷಿಯೇತರ ಮಾಡೋದು, ಕಂದಾಯ ಕಾಯ್ದೆ ಕೆಳಗೆ. ಇದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನ ಕೆಲಸ. ಆ ಕಲಮು ಕೇಳೋದು ಇಷ್ಟು: ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಬೇರೆ ಕಾನೂನಿಗೆ ವಿರುದ್ಧ ಇರಬಾರದು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು, ಸರ್ಕಾರದ ಒಪ್ಪಿಗೆ ಮೊದಲೇ ಬೇಕು.

ಇಲ್ಲಿ ನಾವು ಬೆಚ್ಚಿದ್ದು ಒಂದು ಕಡೆ. ಇದನ್ನು ತೀರ್ಮಾನಿಸೋದು ನಾವು ಓಟು ಹಾಕಿದ ಪಾಲಿಕೆ ಅಲ್ಲ, ಯೋಜನಾ ಪ್ರಾಧಿಕಾರ ಮತ್ತು ರಾಜ್ಯ ಸರ್ಕಾರ. ಸಂವಿಧಾನದ 74ನೇ ತಿದ್ದುಪಡಿಯ ಜೊತೆ ಬಂದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳಿವೆ. ಮೊದಲನೆಯದೇ ನಗರ ಯೋಜನೆ, ಎರಡನೆಯದು ಭೂ ಬಳಕೆ ನಿಯಂತ್ರಣ. ಪಾರ್ಕು, ಮೈದಾನ 12ನೆಯದು. ನಮ್ಮ ಪಾಲಿಕೆ ಕೈಲಿ ಇರೋದು ಆ 12ನೆಯದು. ಅಂದ್ರೆ ಮೈದಾನಕ್ಕೆ ಎಷ್ಟು ದುಡ್ಡು ಅಂತ ಹೇಳುವವರು ಒಬ್ಬರು, ಮೈದಾನ ಮೈದಾನವಾಗಿ ಇರಬೇಕೋ ಬೇಡವೋ ಅಂತ ಹೇಳುವವರು ಇನ್ನೊಬ್ಬರು. ನಾವು ಎರಡು ವಾರ ಜಗಳ ಆಡಿದ್ದು ಮೊದಲನೆಯವರ ಮೇಲೆ.

20 ಗುಂಟೆ ಅಂದ್ರೆ ಅರ್ಧ ಎಕರೆ, ಸುಮಾರು 2,023 ಚದರ ಮೀಟರ್. 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಅಂಗಳ 7,140 ಚದರ ಮೀಟರ್. ಕಾಲು ಭಾಗಕ್ಕಿಂತ ಜಾಸ್ತಿ ಹೋಯ್ತು ಅಂತ ಲೆಕ್ಕ ಹಾಕ್ಕೊಳ್ಳಿ.

"ಸರ್ಕಾರವೇ ಒಪ್ಪಿದ್ಮೇಲೆ ಏನು ಮಾಡೋಕಾಗುತ್ತೆ?" ಅಂತ ನಮ್ಮಲ್ಲೇ ಕೆಲವರು ಕೇಳಿದ್ರು. ಅದಕ್ಕೆ ಉತ್ತರ ಬೆಂಗಳೂರಿನ ಸದಾಶಿವನಗರದ ಕಡೆ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿದೆ. ಬಡಾವಣೆಯ ಯೋಜನೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟೊಂದಕ್ಕೆ ಕೊಡುವ ಆದೇಶ 1976ರಲ್ಲಿ ಆಯ್ತು, ಮುಖ್ಯಮಂತ್ರಿಗಳ ಸೂಚನೆ ಮೇರೆಗೆ. ಮೇನಲ್ಲಿ ಸರ್ಕಾರದ ಆದೇಶ, ಜುಲೈನಲ್ಲಿ ಬಿಡಿಎ ನಿರ್ಣಯ. ಎಷ್ಟು ಬೇಗ ನೋಡಿ! ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದ್ರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯ್ತು. 1991ರ ಜುಲೈನಲ್ಲಿ ಅದರ ಮೇಲ್ಮನವಿ ವಜಾ. ಆಸ್ಪತ್ರೆ ಒಳ್ಳೆಯ ಕೆಲಸವೇ ಇರಬಹುದು, ಆದರೆ ಎಲ್ಲರ ಪಾರ್ಕಿಗೆ ಖಾಸಗಿ ನರ್ಸಿಂಗ್ ಹೋಮ್ ಬದಲಿ ಆಗಲಾರದು ಅನ್ನೋದು ಕೋರ್ಟಿನ ನಿಲುವು. ಯೋಜನೆಯನ್ನು ಹೀಗೆ ಮೇಲಿನ ಒಂದು ಆದೇಶದಿಂದ ಬದಲಾಯಿಸೋಕೆ ಕಾನೂನಿನಲ್ಲಿ ಅಧಿಕಾರವೇ ಇರಲಿಲ್ಲ. ಅಕ್ಕಪಕ್ಕದ ನಿವಾಸಿಗಳು ಇದನ್ನು ಪ್ರಶ್ನಿಸಬಹುದು ಅಂತಲೂ ಆ ತೀರ್ಪು ಹೇಳಿತು. ಲಾ ಕಾಲೇಜಿನವರು ಇದನ್ನು 'ಮುದ್ದಪ್ಪ ಕೇಸ್' ಅಂತ ಓದ್ತಾರೆ.

ಕೇಸು ಕೋರ್ಟಿನಲ್ಲಿದ್ದಾಗಲೇ ಕಾನೂನು ಗಟ್ಟಿಯಾಗ್ತಾ ಬಂತು. ಬಿಡಿಎ ಕಾಯ್ದೆಗೆ ಸೇರಿದ 38ಎ ಕಲಮು ಪ್ರಕಾರ ಪಾರ್ಕು, ಮೈದಾನದ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದ್ರೆ, ಕೊಟ್ರೆ ಅದು ಅನೂರ್ಜಿತ. 1985ರಲ್ಲಿ ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳ ಸಂರಕ್ಷಣೆಗೇ ಒಂದು ರಾಜ್ಯ ಕಾಯ್ದೆ ಬಂತು. ನಗರ ಸಂಸ್ಥೆಗಳು ಇವುಗಳ ಪಟ್ಟಿ ಮಾಡಬೇಕು ಅಂತ ಅದರಲ್ಲಿದೆ. ನಿಮ್ಮ ಮೈದಾನ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ. ನಾವಿನ್ನೂ ಹುಡುಕ್ತಿದ್ದೀವಿ.

ಆಕ್ಷೇಪಣೆ ಬರೆಯೋದು ಅಂಥ ಬ್ರಹ್ಮವಿದ್ಯೆ ಅಲ್ಲ. ಪ್ರಕಟಣೆಯ ಸಂಖ್ಯೆ, ತಾರೀಖು, ಸರ್ವೆ ನಂಬರ್ ಮೇಲೆ ಬರೀಬೇಕು. ಈಗಿನ ಬಳಕೆ ಏನು, ಕೇಳಿರುವ ಬಳಕೆ ಏನು, ಯಾಕೆ ಬೇಡ. "ಇದು ಅನ್ಯಾಯ" ಅಂತ ಬರೆದ್ರೆ ಕೆಲಸ ಆಗಲ್ಲ. ನಾವು ಒಂದು ಶನಿವಾರ ಬೆಳಗ್ಗೆ 6ರಿಂದ 9, ಸಂಜೆ 4ರಿಂದ 7 ಗೇಟಿನಲ್ಲಿ ಕೂತು ತಲೆ ಎಣಿಸಿದ್ವಿ, 212 ಜನ. ಅದರಲ್ಲಿ ವಾಕಿಂಗ್ ಬರುವ ಅಜ್ಜಂದಿರೇ ಹೆಚ್ಚು, ಕ್ರಿಕೆಟ್ ಆಡುವ ನಾವು ಕಮ್ಮಿ. ಆ ಸಂಖ್ಯೆಯನ್ನೇ ಪತ್ರದಲ್ಲಿ ಹಾಕಿದ್ವಿ. ಪ್ರಾಧಿಕಾರ ನಮ್ಮ ಮಾತಿಗೆ ಒಪ್ಪಲೇಬೇಕು ಅಂತೇನಿಲ್ಲ, ಆದರೆ ಪತ್ರ ಕಡತಕ್ಕೆ ಸೇರುತ್ತೆ. ಮುಂದೆ ಕೋರ್ಟಿಗೆ ಹೋದ್ರೆ ಆ ಕಡತವೇ ಮಾತಾಡೋದು.

15ನೇ ದಿನ ಮಧ್ಯಾಹ್ನ 41 ಸಹಿ ಇದ್ದ ಪತ್ರ ತಗೊಂಡು ಟಪಾಲು ವಿಭಾಗಕ್ಕೆ ಹೋದ್ವಿ. ಊಟದ ಸಮಯ, ಮೂರಕ್ಕೆ ಬನ್ನಿ ಅಂದ್ರು. ಮೆಟ್ಟಿಲ ಮೇಲೆ ಕೂತು ಕಾದು, ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸ್ಕೊಂಡೇ ಬಂದ್ವಿ. ತೀರ್ಮಾನ ಇನ್ನೂ ಬಂದಿಲ್ಲ. ಪ್ರತಿಯ ಜೆರಾಕ್ಸ್ ಕನ್ನಡ ಸಂಘದ ನೋಟಿಸ್ ಬೋರ್ಡಿನಲ್ಲಿದೆ. ನಿಮ್ಮೂರಿನ ಮೈದಾನಕ್ಕೆ ಬೇಕಿದ್ರೆ ಸರ್ವೆ ನಂಬರ್ ಬದಲಾಯಿಸಿ ಬಳಸಿ. ಭಾನುವಾರ ಸಂಜೆ 5ಕ್ಕೆ ಮ್ಯಾಚ್ ಇದೆ, ತಲೆಗೆ 15 ರೂಪಾಯಿ ಬೀಳುತ್ತೆ. ರಸೀದಿ ಮರೀದೆ ಕೇಳಿ ತಗೊಳ್ಳಿ, ಆರ್‌ಟಿಐ ಅರ್ಜಿ ಜೊತೆ ಇಡೋಕೆ ಬೇಕು.