ಆರು ಸಾವಿರವೋ, ಎರಡು ಸಾವಿರವೋ

ಮುಲುಂಡ್ ಪಶ್ಚಿಮ

ಪ್ರೀತಿಯ ಮಗೂ,

ಮೊನ್ನೆ ಸ್ಟೇಷನ್ನಿನಲ್ಲಿ ಸ್ಲೋ ಗಾಡಿಗೆ ಕಾಯುತ್ತ ನೀನು ಮೊಬೈಲಿನಲ್ಲಿ ತೋರಿಸಿದ ಪಟ್ಟಿ ತಲೆ ಕೊರೆಯುತ್ತಿದೆ. ನಿವೃತ್ತಿಗೆಂದು ಯೀಲ್ಡ್ ಜಾಸ್ತಿಯಿರುವ ಕಂಪನಿಗಳನ್ನೇ ಹೆಕ್ಕಿದ್ದೀ. ನಿನಗೆ ಮೂವತ್ತೊಂದು, ನನಗೆ ಎಪ್ಪತ್ತು. ಪಟ್ಟಿ ನನ್ನದಾಗಿದ್ದರೆ ಸುಮ್ಮನಿರುತ್ತಿದ್ದೆ.

ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಒಂದು ಷೇರು ಲಕ್ಷಕ್ಕೆ ವರ್ಷಕ್ಕೆ 6,000 ಡಿವಿಡೆಂಡ್ ಕೊಡುತ್ತದೆ, ಅದು ಏರುವುದಿಲ್ಲ. ಇನ್ನೊಂದು ಬರೇ 2,000, ಆದರೆ ವರ್ಷವರ್ಷ ನೂರಕ್ಕೆ 12ರಂತೆ ಏರುತ್ತದೆ. ಎರಡನೆಯದು ಮೊದಲನೆಯದನ್ನು ದಾಟುವುದು 11ನೇ ವರ್ಷ. ಹಿಂದಿನ ಕೊರತೆಯೆಲ್ಲ ತುಂಬಿ ಒಟ್ಟು ಮೊತ್ತದಲ್ಲೂ ಮುಂದಾಗುವುದು 18ನೇ ವರ್ಷ. ಆಗ ನಿನಗೆ ಐವತ್ತೂ ಆಗಿರುವುದಿಲ್ಲ. ನನಗೆ? ಬಿಡು. ಅಷ್ಟು ವರ್ಷ ಬಿಡದೆ 12 ಏರಿಸುವವರು ಅಪರೂಪ ಅನ್ನುತ್ತೀ, ಒಪ್ಪಿದೆ.

ಆದರೂ ಇನ್ಫೋಸಿಸ್ ನೋಡು. ಷೇರಿಗೆ 2021-22ಕ್ಕೆ 31 ರೂಪಾಯಿ, ಮುಂದಿನ ವರ್ಷ 34, ಅದರಾಚೆ ವಿಶೇಷ ಡಿವಿಡೆಂಡಿನ 8 ಬಿಟ್ಟು 38, 2024-25ಕ್ಕೆ 43. ಇತ್ತ ವೇದಾಂತ 2022-23ರಲ್ಲಿ 101.50 ಹಂಚಿತು, ಮರುವರ್ಷ 29.50. ಮೊದಲ ವರ್ಷದ ಯೀಲ್ಡ್ ನೋಡಿ ಅದನ್ನೇ ಪಿಂಚಣಿ ಅಂದುಕೊಂಡವನ ಗತಿ ಯೋಚಿಸು. ಇನ್ನೊಂದು ಮಾತು, ಯೀಲ್ಡ್ ಎಂದರೆ ಡಿವಿಡೆಂಡನ್ನು ಬೆಲೆಯಿಂದ ಭಾಗಿಸಿದ್ದು. ಷೇರು ಕುಸಿದರೂ ಅದು ಏರುತ್ತದೆ.

ನಮ್ಮ ಕರಾವಳಿಯವರಿಗೆ ಬ್ಯಾಂಕಿನ ಷೇರೆಂದರೆ ಕೊಟ್ಟಿಗೆಯ ಹಸು. ಕೆನರಾ, ಕರ್ಣಾಟಕ ಎಲ್ಲ ಹುಟ್ಟಿದ್ದೇ ಮಂಗಳೂರಿನಲ್ಲಲ್ಲವೇ. ಆದರೆ 2020ರ ಏಪ್ರಿಲ್ 17ರಂದು, ಕೊರೊನಾ ಕಾಲಕ್ಕೆ ಬಂಡವಾಳ ಉಳಿಯಲೆಂದು, ಆಗಷ್ಟೇ ಮುಗಿದ ಸಾಲಿನ ಲಾಭದಿಂದ ಇನ್ನು ಡಿವಿಡೆಂಡ್ ಹಂಚಬೇಡಿ ಎಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಹೇಳಿತು. ಹಸು ಕೊಟ್ಟಿಗೆಯಲ್ಲೇ ಇತ್ತು, ಹಾಲಿಲ್ಲ. ಡಿವಿಡೆಂಡ್ ಬಡ್ಡಿಯಲ್ಲ, ಕೊಡಲೇಬೇಕೆಂಬ ಕರಾರು ಯಾರೂ ಬರೆದುಕೊಟ್ಟಿಲ್ಲ.

ಅದೇ ತಿಂಗಳಿಂದ ಡಿವಿಡೆಂಡಿನ ತೆರಿಗೆಯೂ ನಮ್ಮ ತಲೆಗೇ ಬಂತು. ನೀನು ಮೂವತ್ತರ ಸ್ಲ್ಯಾಬಿನಲ್ಲಿದ್ದೀ. 6,000ದಲ್ಲಿ 1,800ಕ್ಕಿಂತ ಜಾಸ್ತಿಯೇ ಹೋಗುತ್ತದೆ, ಅದೂ ಸಂಬಳ ಬರುತ್ತಿರುವ, ಆ ಹಣ ಬೇಡವಾದ ವಯಸ್ಸಿನಲ್ಲಿ.

ನನ್ನ ತಿಂಗಳ ಖರ್ಚಿಗೆ ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ, 2023ರ ಏಪ್ರಿಲಿನಲ್ಲಿ ಬಡ್ಡಿ 8.2 ಆಯಿತು. ಏರದ ಆರಕ್ಕಾಗಿ ನಾನೇ ಷೇರಿನ ಗೊಡವೆಗೆ ಹೋಗೆ, ನೀನೇಕೆ ಹೋಗುತ್ತೀ?

ಭಾನುವಾರ ಬಾ. ನಿನ್ನ ಪಟ್ಟಿಯ ಕಂಪನಿಗಳು ಹತ್ತು ವರ್ಷದಲ್ಲಿ ಷೇರಿಗೆ ಗಳಿಸಿದ್ದೆಷ್ಟು, ಹಂಚಿದ್ದೆಷ್ಟು ಎಂದು ಹಾಳೆಯ ಮೇಲೆ ಬರೆದು ತಾ. ಮೊಬೈಲಿನಲ್ಲಿ ಬೇಡ, ನನ್ನ ಕಣ್ಣಿಗೆ ಆಗದು.

ನಿನ್ನ
ದೊಡ್ಡಪ್ಪ