ಜಾಲತಾಣವೂ ನೆರೆಮನೆಯೂ

ಕಥೋಲಿಕ ಧರ್ಮಸಭೆಯು ಶುಭಸಂದೇಶಕ್ಕಾಗಿ ನೂತನ ಸಾಧನಗಳನ್ನು ಬಳಸುವುದು ಹೊಸತಲ್ಲ. ಮಾರ್ಕೋನಿಯವರು ನಿರ್ಮಿಸಿದ ವ್ಯಾಟಿಕನ್ ರೇಡಿಯೋ 1931ರಲ್ಲಿ ಆರಂಭವಾಯಿತು. 2012ರಲ್ಲಿ ಹದಿನಾರನೆಯ ಬೆನೆಡಿಕ್ಟರು ಟ್ವಿಟರಿನಲ್ಲಿ ಪ್ರಥಮ ಸಂದೇಶವನ್ನಿತ್ತರು. 2006ರಲ್ಲಿ ಹದಿನೈದನೆಯ ವಯಸ್ಸಿನಲ್ಲೇ ತೀರಿಕೊಂಡ ಇಟಲಿಯ ಕಾರ್ಲೋ ಅಕುಟಿಸನು ಪರಮಪ್ರಸಾದದ ಅದ್ಭುತಗಳನ್ನು ಜಾಲತಾಣದಲ್ಲಿ ಸಂಗ್ರಹಿಸಿದ್ದನು; ಮಿಲಾನಿನ ನಿರ್ಗತಿಕರನ್ನೂ ಮರೆತಿರಲಿಲ್ಲ. 2025ರಲ್ಲಿ ಆತನನ್ನು ಸಂತನೆಂದು ಘೋಷಿಸಲಾಯಿತು.

ಇದರಿಂದ ನಾವು ಕಲಿಯತಕ್ಕ ಪಾಠವೇನು? ಅಂತರಜಾಲದಲ್ಲಿ ಸಂಸ್ಕಾರಗಳಿಲ್ಲವೆಂದು ವ್ಯಾಟಿಕನ್ 2002ರಲ್ಲಿಯೇ ತಿಳಿಸಿದೆ. ಹಾಸಿಗೆ ಹಿಡಿದ ವೃದ್ಧೆಗೆ ಬಲಿಪೂಜೆಯ ದೃಶ್ಯವು ಸಾಂತ್ವನವೀಯಬಲ್ಲುದು. ಆದರೆ ಪರಮಪ್ರಸಾದವನ್ನಾಗಲಿ ಒಂದು ಬಟ್ಟಲು ಗಂಜಿಯನ್ನಾಗಲಿ ಮನುಷ್ಯರೇ ಒಯ್ಯಬೇಕು. ಆದುದರಿಂದ, ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ಪೂಜಾವೇಳೆಗಳನ್ನು ತಪ್ಪಿಲ್ಲದೆ ಪ್ರಕಟಿಸಿರಿ. ಮಕ್ಕಳ ಚಿತ್ರಗಳನ್ನು ತಾಯ್ತಂದೆಯರ ಒಪ್ಪಿಗೆಯಿಲ್ಲದೆ ಹಾಕದಿರಿ. ಯಾರಾದರೂ ಪ್ರಾರ್ಥನೆಯನ್ನು ಕೋರಿ ಬರೆದರೆ, ಉತ್ತರವನ್ನು ಬರೆದು ಸುಮ್ಮನಾಗದೆ, ಸಾಧ್ಯವಾದರೆ ಅವರ ಮನೆಗೆ ಹೋಗಿರಿ.